ಹಳ್ಳದ ಮೇಲೆ ಎದ್ದ ರಾಜಬೀದಿ



ಮೈಸೂರಿನ ಕೃಷ್ಣರಾಜ ವೃತ್ತದಿಂದ ಉತ್ತರಕ್ಕೆ ನೇರವಾಗಿ ಹೊರಡುತ್ತದಲ್ಲ, ಸಯ್ಯಾಜಿ ರಾವ್ ರಸ್ತೆ, ಅದನ್ನು ನೋಡದ ಕನ್ನಡಿಗರು ಕಡಿಮೆ. ಮೈಸೂರಿಗೆ ಕಾಲಿಡದವರೂ ವಿಜಯದಶಮಿಯ ದಿನ ಟಿ.ವಿ. ಮುಂದೆ ಕೂತು ನೋಡಿರುತ್ತಾರೆ. ಚಿನ್ನದ ಅಂಬಾರಿ ಹೊತ್ತ ಆನೆ ನಡೆದುಹೋಗುವ ಆ ಬೀದಿ ಒಂದು ಕಾಲಕ್ಕೆ ಬೀದಿಯೇ ಆಗಿರಲಿಲ್ಲ. ಅಲ್ಲಿದ್ದದ್ದು ಆಳವಾದ ಹಳ್ಳ. ಊರಿನವರು ಅದನ್ನು ಪೂರ್ಣಯ್ಯನ ನಾಲೆ ಅನ್ನುತ್ತಿದ್ದರು.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಪುಟ್ಟ ಬಾಲಕ; ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರ ಕೈಯಲ್ಲಿ. ಶ್ರೀರಂಗಪಟ್ಟಣಕ್ಕೆ ಎರಡೂ ಕಡೆ ಕಾವೇರಿ. ಮೈಸೂರಿಗೋ ಕೆರೆಕಟ್ಟೆಗಳೇ ಗತಿ. ರಾಜಧಾನಿ ಅಂದಮೇಲೆ ಜನ ಬರುತ್ತಾರೆ, ಬಂದ ಜನಕ್ಕೆ ನೀರು ಬೇಕು. ಕಾವೇರಿಯ ನೀರನ್ನೇ ನಾಲೆ ತೋಡಿ ಊರಿಗೆ ತರೋಣ ಎಂದು ಪೂರ್ಣಯ್ಯನವರು ಕೆಲಸ ಹಿಡಿಸಿದರು. ಗುದ್ದಲಿ, ಮಂಕರಿಗಳನ್ನು ನಂಬಿ ಹಿಡಿದ ಕೆಲಸ ಅದು. ನೀರು ಮಾತ್ರ ಊರು ಮುಟ್ಟಲಿಲ್ಲ. ಅದಕ್ಕಾಗಿ ಅವರನ್ನು ಹಗುರವಾಗಿ ಕಾಣುವುದು ನನಗೆ ಸರಿ ಕಾಣದು. ಒಂದು ಊರಿನ ಬಾಯಾರಿಕೆಯನ್ನು ಮುಂದಾಗಿ ಕಂಡ ಮನುಷ್ಯ ಆತ.

ಉಳಿದದ್ದು ಕಂದಕ. ನದಿ ನೀರಿನ ಬದಲು ಊರ ಕೊಚ್ಚೆ ಅದರಲ್ಲಿ ಸೇರಿತು. ಕೋಟೆಯ ಹತ್ತಿರದಲ್ಲೇ, ಪೇಟೆಯ ಪಕ್ಕದಲ್ಲೇ ನಿಂತ ನೀರು, ಸೊಳ್ಳೆ, ದುರ್ನಾತ. ದಶಕಗಟ್ಟಲೆ ಮೈಸೂರಿನ ಜನ ಅದನ್ನು ಸಹಿಸಿಕೊಂಡರು. 1881ರಲ್ಲಿ ರಾಜ್ಯ ಬ್ರಿಟಿಷರ ಆಡಳಿತದಿಂದ ಮತ್ತೆ ಒಡೆಯರ ಕೈಗೆ ಬಂದು, ಹತ್ತನೆಯ ಚಾಮರಾಜ ಒಡೆಯರು ಅಧಿಕಾರ ವಹಿಸಿಕೊಂಡರಲ್ಲ, ಊರಿನ ಮೈಕೈ ತೊಳೆಯುವ ಕೆಲಸ ಶುರುವಾದದ್ದು ಆ ಕಾಲದಲ್ಲಿ. ಕಂದಕದ ಬಹುಭಾಗವನ್ನು ಮಣ್ಣು ತುಂಬಿ ಮುಚ್ಚಿದರು. ಮುಚ್ಚಿದ ಜಾಗದ ಮೇಲೆ ಅಗಲವಾದ ರಸ್ತೆ ಹಾಸಿದರು. ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರನ್ನು ಅದಕ್ಕೆ ಇಟ್ಟರು. ಮುಂದೆ ಯುವಕ ಅಂಬೇಡ್ಕರ್ ಅವರಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕಕ್ಕೆ ಓದಲು ಕಳುಹಿಸಿದ ಅರಸು ಇವರೇ. ಮೈಸೂರಿನ ಮುಖ್ಯ ಬೀದಿ ಈ ಹೆಸರು ಹೊತ್ತದ್ದು ನನಗೆ ಹೆಮ್ಮೆಯ ವಿಷಯ.

ರಸ್ತೆ ಆದಮೇಲೆ ಅದಕ್ಕೊಂದು ಮುಖ ಬೇಕಿತ್ತು. ವೃತ್ತದ ಆಸುಪಾಸಿನಲ್ಲಿ ಎರಡಂತಸ್ತಿನ ಅಂಗಡಿಸಾಲುಗಳು ಎದ್ದವು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಹೆಸರಿನ ಕಟ್ಟಡ 1892ರದ್ದು. ಹಳೆಯ ಪುಸ್ತಕ ಹುಡುಕುವ ವಿದ್ಯಾರ್ಥಿಗಳಿಗೆ ಅದರ ಕೆಳಗಿನ ಅಂಗಡಿಗಳು ಎಷ್ಟೋ ವರ್ಷ ದಾರಿದೀಪವಾಗಿದ್ದವು. ಇನ್ನೊಂದು ಕಡೆ ಇನ್ನೊಬ್ಬ ವೈಸ್‌ರಾಯ್ ಡಫರಿನ್ ನೆನಪಿಗೆ ಗಡಿಯಾರದ ಗೋಪುರ. ಡಫರಿನ್ ಹೆಸರು ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಜನಕ್ಕೆ ಅದು ಚಿಕ್ಕ ಗಡಿಯಾರ.

ಚಿಕ್ಕ ಗಡಿಯಾರದ ಎದುರಿಗೇ ದೇವರಾಜ ಮಾರುಕಟ್ಟೆಯ ಬಾಗಿಲು. ಅಲ್ಲಿಂದ ಧನ್ವಂತರಿ ರಸ್ತೆಯವರೆಗೂ ಸಯ್ಯಾಜಿ ರಾವ್ ರಸ್ತೆಯ ಒಂದು ಮಗ್ಗುಲು ಪೂರ್ತಿ ಈ ಮಾರುಕಟ್ಟೆಯದೇ. ರಸ್ತೆಗೆ ಮುಖ ಮಾಡಿದ ಅಂಗಡಿಗಳ ಸಾಲು, ಅದರ ಬೆನ್ನಿಗೆ ಒಳಗಿನ ಓಣಿಗಳು. ಒಳಗೆ ಹೋದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ. ಮೈಸೂರು ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವ ಕೈಗಳು, ಒದ್ದೆ ಗೋಣಿಯ ಮೇಲೆ ಕಟ್ಟುಕಟ್ಟಾಗಿ ಜೋಡಿಸಿದ ಚಿಗುರು ವೀಳ್ಯದೆಲೆ, ಗೊನೆಯಲ್ಲೇ ತೂಗುವ ನಂಜನಗೂಡು ರಸಬಾಳೆ, ಗೋಪುರದ ಹಾಗೆ ಮೊನಚಾಗಿ ಒಟ್ಟಿದ ಅರಿಸಿನ ಕುಂಕುಮ. ಹೊರಗೆ ರಸ್ತೆ ಬದಿಯಲ್ಲಿ, ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಮಿಠಾಯಿ ಅಂಗಡಿ. ಮೈಸೂರು ಪಾಕಿನ ಹುಟ್ಟನ್ನು ಜನ ಮಾದಪ್ಪನವರಿಗೇ ಸಲ್ಲಿಸುತ್ತಾರೆ.

ಮುಂದೆ ಹೋದರೆ ಇರ್ವಿನ್ ರಸ್ತೆ ಸೇರುವ ಕಡೆ ಆಯುರ್ವೇದ ಕಾಲೇಜು. ಅಲ್ಲಿಂದಾಚೆ ಬಂಬೂ ಬಜಾರ್, ಹೈವೇ ವೃತ್ತ, ಕೊನೆಗೆ ಬನ್ನಿಮಂಟಪ. ಅರಮನೆಯಿಂದ ಎಲ್ಲ ಸೇರಿ ಸುಮಾರು 5 ಕಿಲೋಮೀಟರ್.

ಜಂಬೂಸವಾರಿಯ ದಾರಿ ಇದು. ಅರಮನೆಯ ಉತ್ತರ ಬಾಗಿಲಿನಿಂದ ಹೊರಟ ಮೆರವಣಿಗೆ ಚಾಮರಾಜ ವೃತ್ತ ಬಳಸಿ, ಕೃಷ್ಣರಾಜ ವೃತ್ತದಲ್ಲಿ ತಿರುಗಿ ಈ ರಸ್ತೆಗೆ ಇಳಿಯುತ್ತದೆ. ಅಂಬಾರಿಯ ತೂಕವೇ 750 ಕಿಲೋ. ಅರಸೊತ್ತಿಗೆಯ ದಿನಗಳಲ್ಲಿ ಅದರಲ್ಲಿ ಮಹಾರಾಜರು ಕೂರುತ್ತಿದ್ದರು, ಈಗ ತಾಯಿ ಚಾಮುಂಡೇಶ್ವರಿ. ಹಬ್ಬಕ್ಕೆ ವಾರಗಳ ಮುಂಚೆಯೇ ಈ ಬೀದಿಯಲ್ಲಿ ಆನೆಗಳ ತಾಲೀಮು ನಡೆಯುತ್ತದೆ. ಬೆನ್ನಿಗೆ ನಮ್ದಾ ಎಂಬ ಮೆತ್ತೆ ಬಿಗಿದು, ಮರಳಿನ ಮೂಟೆ ಹೇರಿ, ದಿನದಿಂದ ದಿನಕ್ಕೆ ಭಾರ ಹೆಚ್ಚಿಸುತ್ತಾ ಬನ್ನಿಮಂಟಪದವರೆಗೆ ನಡೆಸುತ್ತಾರೆ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಲ್ಲರೂ ಬಸ್ಸು, ಹಾರನ್ನು, ಜನರ ಗದ್ದಲಕ್ಕೆ ಕಿವಿ ಒಗ್ಗಿಸಿಕೊಂಡದ್ದು ಇದೇ ದಾರಿಯಲ್ಲಿ. ವಿಜಯದಶಮಿಯ ಮೆರವಣಿಗೆಗಿಂತ ಈ ತಾಲೀಮು ನನಗೆ ಹೆಚ್ಚು ಇಷ್ಟ. ಮಾವುತ ಆನೆಯ ಕಿವಿಯ ಹಿಂದೆ ಕಾಲಿಟ್ಟು ಮೆಲ್ಲಗೆ ಮಾತಾಡುತ್ತಿರುತ್ತಾನೆ, ಹೂವಿನವರು ಬುಟ್ಟಿ ಪಕ್ಕಕ್ಕೆ ಸರಿಸಿ ಕೈ ಮುಗಿಯುತ್ತಾರೆ, ಆನೆ ಮುಂದೆ ಹೋದಕೂಡಲೇ ವ್ಯಾಪಾರ ಮತ್ತೆ ಶುರು.

ಆದರೆ ಬೀದಿಯ ಕಟ್ಟಡಗಳು ಬಳಲಿವೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದದ್ದನ್ನೇ ದುರಸ್ತಿ ಮಾಡಬೇಕೋ ಎಂಬ ಜಗಳ ಸಮಿತಿಗಳಿಂದ ಹೈಕೋರ್ಟಿನವರೆಗೂ ಹೋಯಿತು. ಜೀವಭಯದ ಮಾತನ್ನು ನಾನು ತಳ್ಳಿಹಾಕುವುದಿಲ್ಲ; ಆ ನಾಲ್ವರ ಮನೆಯವರ ಮುಂದೆ ಪರಂಪರೆಯ ಮಾತಾಡುವುದು ಸುಲಭವಲ್ಲ. ಆದರೂ ನನ್ನ ಮನಸ್ಸು ದುರಸ್ತಿಯ ಕಡೆಗೇ. ಸುಣ್ಣದ ಗಾರೆಯ ಕಟ್ಟಡ ಒಂದೇ ದಿನಕ್ಕೆ ಸಾಯುವುದಿಲ್ಲ. ತಾರಸಿಯ ಬಿರುಕಿನಲ್ಲಿ ಅರಳಿ ಸಸಿ ಬೇರೂರುತ್ತದೆ, ಮಳೆನೀರು ಇಂಗುತ್ತದೆ, ತೊಲೆ ನೆನೆಯುತ್ತದೆ. ವರ್ಷಕ್ಕೊಮ್ಮೆ ಯಾರಾದರೂ ಏಣಿ ಹತ್ತಿ ಆ ಸಸಿ ಕಿತ್ತು, ಬಿರುಕಿಗೆ ಗಾರೆ ಮೆತ್ತಿದರೆ ಎಷ್ಟೋ ಕಾಲ ಬಾಳುತ್ತದೆ. ಮೈಸೂರಿನಲ್ಲಿ ಅದೇ ಕಾಲದ ಕಟ್ಟಡಗಳು ಇನ್ನೂ ಹತ್ತಾರಿವೆ. ಮುಂದಿನ ಮುಂಗಾರಿಗೆ ಮುಂಚೆ ಅವುಗಳ ತಾರಸಿಗೆ ಏಣಿ ಹಾಕುವ ಕೆಲಸಕ್ಕೆ ಯಾವ ಕೋರ್ಟಿನ ತೀರ್ಪೂ ಬೇಕಿಲ್ಲ.