ಶ್ರೀರಂಗಪಟ್ಟಣದಲ್ಲಿ ಹಳೆಯ ಮಠಗಳ ಜಾಡು ಹಿಡಿದು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸುಸಂದರ್ಭದಲ್ಲಿ ಮಾತನಾಡಲು ನಮಗೆ ಒಪ್ಪಿಸಿದ ವಿಷಯ 'ನಮ್ಮ ಸೀಮೆಯ ಪುರಾತನ ಮಠಗಳು.' ಒಪ್ಪಿಸಿದವರು ಸ್ಪೇನ್ ದೇಶದ ಆವಿಲಾ ನಗರದ ಚಿತ್ರಪುಸ್ತಕವೊಂದನ್ನೂ ನಮ್ಮ ಕೈಗಿತ್ತು, ಇಂತಹ ಕಾಲ್ನಡಿಗೆಯ ಪ್ರವಾಸ ನಮ್ಮಲ್ಲಿಯೂ ಆಗಬಾರದೇಕೆ ಎಂದು ಕೇಳಿದರು. ಆವಿಲಾದಲ್ಲಿ ಅದು ಸುಲಭದ ಕೆಲಸ. ಸಂತ ತೆರೇಸಮ್ಮನವರು 1515ರಲ್ಲಿ ಹುಟ್ಟಿದ ಮನೆಯಿದ್ದ ಜಾಗದಲ್ಲಿ ಕಾರ್ಮೆಲ್ ಸಭೆಯ ಮಠ ಉಂಟು. 1535ರಲ್ಲಿ ಅವರು ಕನ್ಯಾಸ್ತ್ರೀಯಾಗಲು ಸೇರಿದ ಮಠ ಕೋಟೆಯ ಹೊರಗೆ ನಿಂತಿದೆ. 1562ರಲ್ಲಿ ಅವರೇ ಸ್ಥಾಪಿಸಿದ ಸಂತ ಜೋಸೆಫರ ಮಠವೂ ನಿಂತಿದೆ. ಒಂದರಿಂದ ಒಂದಕ್ಕೆ ನಡೆದುಹೋಗಬಹುದು, ಬಾಗಿಲು ತಟ್ಟಬಹುದು.

ನಾವು ನಮ್ಮ ಯುವಕ ಯುವತಿಯರನ್ನು ಕರೆದುಕೊಂಡು ಒಂದು ಭಾನುವಾರ ಪೂಜೆಯ ನಂತರ ಶ್ರೀರಂಗಪಟ್ಟಣಕ್ಕೆ ಹೋದೆವು. ಬುತ್ತಿ ಕಟ್ಟಿಕೊಂಡಿದ್ದೆವು. ಕೋಟೆಯ ಬಳಿ ನಿಂತಾಗ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, "ಮೇಷ್ಟ್ರೇ, ರಂಗನಾಥನ ಗುಡಿ ಕಾಣುತ್ತದೆ, ಮಸೀದಿಯ ಮಿನಾರುಗಳು ಕಾಣುತ್ತವೆ. ನೀವು ತೋರಿಸುತ್ತೇನೆಂದ ಮಠ ಎಲ್ಲಿ?" ಎಂದು ಕೇಳಿದಳು. ಅವಳ ಪ್ರಶ್ನೆಗೆ ಅಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಇಂದಿನ ಭಾಷಣ ಅವಳಿಗೆ ಕೊಡಬೇಕಾಗಿದ್ದ ಉತ್ತರವೆಂದೇ ತಿಳಿಯಿರಿ.

ಮಠ ಇದ್ದದ್ದು ನಿಜ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, 1649ರಲ್ಲಿ, ಯೇಸುಸಭೆಯ ಗುರುಗಳಾದ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯವರು ಈ ರಾಜಧಾನಿಗೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಮಿಷನ್ನಿನ ಗುರುಗಳು ಈ ನಾಡಿನ ಸಂನ್ಯಾಸಿಗಳ ಬಾಳ್ವೆಯ ಕ್ರಮವನ್ನು ಹಿಡಿದರು. ಚಿನ್ನಾಮಿಯವರು ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಗ್ರಂಥಗಳನ್ನು ರಚಿಸಿದರು. ನಂತರ ಬರುವ ಗುರುಗಳಿಗಾಗಿ ವ್ಯಾಕರಣವನ್ನೂ ಶಬ್ದಕೋಶವನ್ನೂ ಸಿದ್ಧಪಡಿಸಿದರು. ಪರದೇಶದಿಂದ ಬಂದ ಮನುಷ್ಯ ಈ ಮಣ್ಣಿನವರಿಂದ ಸಂಧಿ ವಿಭಕ್ತಿಗಳನ್ನು ಹೇಳಿಸಿಕೊಂಡು ಬರೆದುಕೊಳ್ಳುವ ದೃಶ್ಯವನ್ನು ಊಹಿಸಿಕೊಳ್ಳಿ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ನಮಗಂತೂ ಕಲ್ಲಿನ ಗೋಪುರಕ್ಕಿಂತ ಇದು ದೊಡ್ಡದಾಗಿ ಕಾಣುತ್ತದೆ.

ಮುಂದೆ ಹೇಳಬೇಕಾದದ್ದನ್ನು ಹೇಳುವುದು ಸುಲಭವಲ್ಲ. ದರಿಯಾ ದೌಲತ್ ಅರಮನೆಯ ತೋಟದಲ್ಲಿ ನೆರಳು ನೋಡಿ ಕುಳಿತು ಬುತ್ತಿ ಬಿಚ್ಚಿದೆವು. ಅರಮನೆ ಕಟ್ಟಿದ್ದು 1784ರಲ್ಲಿ ಎಂಬುದು ಎಲ್ಲ ಪ್ರವಾಸಿಗರಿಗೂ ಗೊತ್ತು. ಅದೇ 1784ರ ವಿಭೂತಿ ಬುಧವಾರದಂದು ಕರಾವಳಿಯ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಸೆರೆಹಿಡಿಯಲಾಯಿತೆಂಬುದು ಅವರ ಮನೆಮನೆಗಳಲ್ಲಿ ಉಳಿದುಬಂದ ನೆನಪು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲೆ ಹೊರಿಸಿದ ಆಪಾದನೆ. ಗಂಡಸರು, ಹೆಂಗಸರು, ಹಸುಗೂಸುಗಳು ಘಟ್ಟ ಹತ್ತಿ ವಾರಗಟ್ಟಲೆ ನಡೆದು ಈ ದ್ವೀಪಕ್ಕೆ ಬಂದರು. ದಾರಿಯಲ್ಲಿ ಸತ್ತವರು ಅನೇಕರು. ಮೂವತ್ತು ಸಾವಿರವೆಂದು ಕೆಲವರು, ಅರವತ್ತು ಸಾವಿರವೆಂದು ಕೆಲವರು, ಎಂಬತ್ತು ಸಾವಿರವೆಂದು ಮತ್ತೆ ಕೆಲವರು, ಎಣಿಕೆಯಲ್ಲಿ ಒಮ್ಮತವಿಲ್ಲ. ದೇವಾಲಯಗಳು ನೆಲಸಮವಾದುವು. ಹುಡುಗಿ ಕೇಳಿದ ಮಠ ಕಾಣದಿರುವುದಕ್ಕೆ ಈ ವರ್ಷಗಳೂ ಒಂದು ಕಾರಣ.

ನಮ್ಮ ಗುಂಪಿನಲ್ಲಿ ಒಬ್ಬ ತರುಣ ಇದನ್ನು ಕೇಳಿ ಕೋಪಗೊಂಡ. ಇನ್ನೊಬ್ಬ, 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಕೊಳ್ಳೆಹೊಡೆದಾಗ ಅಲ್ಲಿನ ಮಠಕ್ಕೆ ನೆರವು ಕಳುಹಿಸಿದವನೂ ಇದೇ ಟಿಪ್ಪುವಲ್ಲವೆ ಎಂದ. ಎರಡೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚಿಡುವುದು ನಮಗೆ ಒಪ್ಪಿಗೆಯಿಲ್ಲ. ಆ ದಿನ ನಮ್ಮೊಡನೆ ದಾರಿ ತೋರಿಸುತ್ತ ನಡೆದು, ನಮ್ಮ ಮಕ್ಕಳಿಗೆ ಎಳನೀರು ಕೊಡಿಸಿದವರು ಗಂಜಾಮಿನ ಒಬ್ಬ ಮುಸಲ್ಮಾನ ಹಿರಿಯರು. ಅವರ ಎದುರಿನಲ್ಲಿ ಹೇಳಲಾರದಂತಹ ಮಾತನ್ನು ನಾವು ಇಲ್ಲಿಯೂ ಹೇಳುವುದಿಲ್ಲ.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದನು. ಸೆರೆಯಿಂದ ಉಳಿದವರಲ್ಲಿ ಹಲವರು ಕರಾವಳಿಗೆ ಹಿಂದಿರುಗಿದರು. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವರು ಫ್ರಾನ್ಸಿನ ಅಬೆ ದುಬ್ವಾ. ತಮ್ಮ ದೇಶದ ಮಹಾಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ಗುರುದೀಕ್ಷೆ ಪಡೆದ ವರ್ಷವೇ ಭಾರತಕ್ಕೆ ಹೊರಟವರು. ಗಂಜಾಮಿನ ಕಡೆ ಇರುವ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ದೇವಾಲಯದ ಮುಂದೆ ನಾವು ಒಂದು ಜಪಸರ ಹೇಳಿದೆವು. ಆಡಂಬರವಿಲ್ಲದ ಕಟ್ಟಡ. ಆವಿಲಾವನ್ನು ನೋಡಿದ ಕಣ್ಣಿಗೆ ಏನೂ ಅನ್ನಿಸದು.

ದುಬ್ವಾ ಅವರು ನಮ್ಮ ಜನರಂತೆ ಉಡುಪು ಧರಿಸಿ, ಮಾಂಸಾಹಾರ ಬಿಟ್ಟು ಬಾಳಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದರು. ಈ ನಾಡಿನ ಆಚಾರ ವ್ಯವಹಾರಗಳ ಮೇಲೆ ಅವರು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಎರಡು ಸಾವಿರ ವರಹಗಳಿಗೆ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಅದರಲ್ಲಿ ಬಹುಭಾಗ ಹಿಂದಿನ ಯೇಸುಸಭೆಯ ಗುರು ಕೂರ್ದೂ ಅವರ ಬರಹದಿಂದ ಬಂದದ್ದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಆ ಗ್ರಂಥದಲ್ಲಿ ನಮ್ಮ ಜನರ ಬಗೆಗೆ ಕಟುವಾದ ಮಾತುಗಳೂ ಉಂಟು. ಅದು ಹಾಗಿರಲಿ. ನಮಗೆ ಅವರು ಬೇಕಾದದ್ದು ಗ್ರಂಥಕ್ಕಾಗಿ ಅಲ್ಲ, ಸಿಡುಬಿಗಾಗಿ.

ಸಿಡುಬು ಎದ್ದ ಮನೆಗೆ ಬೇವಿನ ಸೊಪ್ಪು ಕಟ್ಟಿ, 'ಅಮ್ಮ ಬಂದಿದ್ದಾಳೆ' ಎಂದು ಕೈಮುಗಿಯುವುದಷ್ಟೇ ಅಂದು ಉಳಿದಿದ್ದ ದಾರಿ. ದನದ ಸಿಡುಬಿನಿಂದ ದೇವಿ ಹಾಕುವ ಜೆನ್ನರ್ ಮಹಾಶಯನ ವಿಧಾನ 1802ರ ಜೂನ್‌ನಲ್ಲಿ ಮುಂಬಯಿಗೆ ಬಂದಿತು. ಆಗ ಶೀತಲಪೆಟ್ಟಿಗೆಗಳಿಲ್ಲ, ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು, ಸರಪಳಿ ಕಡಿಯಬಾರದು. ಒಬ್ಬ ತಾಯಿ ತನ್ನ ಆರೋಗ್ಯವಂತ ಮಗುವನ್ನು ಇದಕ್ಕೆ ಒಡ್ಡಬೇಕಾದರೆ ಕೇಳುವವರ ಮೇಲೆ ಎಷ್ಟು ನಂಬಿಕೆ ಬೇಕು! 1803-04ರಲ್ಲಿ ದುಬ್ವಾ ಅವರ ನೇತೃತ್ವದಲ್ಲಿ ದೇವಿ ಹಾಕಿಸಿಕೊಂಡವರ ಲೆಕ್ಕ 25,432. ಹಾಸನ ಸೀಮೆಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನೂ ಅವರು ಏರ್ಪಡಿಸಿದರು. ಮತಾಂತರದ ವಿಷಯದಲ್ಲಿ ಮಾತ್ರ ತಮ್ಮ ದುಡಿಮೆ ಫಲಿಸಲಿಲ್ಲವೆಂದು 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ ತಾವೇ ಒಪ್ಪಿಕೊಂಡರು. ಅದೇ ವರ್ಷ ಈ ದೇಶ ಬಿಟ್ಟರು, 1848ರಲ್ಲಿ ತೀರಿಕೊಂಡರು. ಸ್ಮರಣಸಂಚಿಕೆಗಳಲ್ಲಿ ಸಾಮಾನ್ಯವಾಗಿ ಈ ಒಪ್ಪಿಗೆಯನ್ನು ಬಿಟ್ಟುಬಿಡುತ್ತಾರೆ. ನಮಗೆ ಅದನ್ನು ಓದಿದ ಮೇಲೆ ಅವರ ಮೇಲಿನ ಗೌರವ ಹೆಚ್ಚಿತು.

ಹಿಂದಿರುಗುವಾಗ ನದಿಯ ದಡದಲ್ಲಿ ಪರಂಗಿ ದಂಡಿನವರ ಗೋರಿಗಳನ್ನು ನೋಡಿದೆವು. ಸ್ವಿಟ್ಜರ್ಲೆಂಡಿನ ದ ಮ್ಯೂರೋನ್ ದಳದವರದೂ ಅಲ್ಲಿವೆ. ಆ ವಂಶದವರು ಅಷ್ಟು ದೂರದಿಂದ ನೆರವು ನೀಡಿ ಜೀರ್ಣೋದ್ಧಾರ ಮಾಡಿಸಿದ್ದಾರೆ. ಸೆರೆಯಲ್ಲಿ ಸತ್ತ ನಮ್ಮವರ ಹೆಸರಿನ ಒಂದು ಕಲ್ಲೂ ಆ ದಿನ ನಮಗೆ ಕಾಣಸಿಗಲಿಲ್ಲ.

ಇನ್ನು, ಈ ಸೀಮೆಯಲ್ಲಿ ಜೀವಂತವಾಗಿರುವ ಮಠವನ್ನೇ ನೋಡಬೇಕೆನ್ನುವವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ, ಇಲ್ಲವೆ ನಾಗಮಂಗಲದ ಆದಿಚುಂಚನಗಿರಿಗೆ ಹೋಗಬೇಕು. ಹೋಗಿರಿ. ಪಾಂಡವಪುರಕ್ಕೂ ಒಂದು ಕಾಲದಲ್ಲಿ 'ಫ್ರೆಂಚ್ ರಾಕ್ಸ್' ಎಂಬ ಹೆಸರಿತ್ತು. ಹೈದರನ, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರು. ಹೆಸರು ಹೋಯಿತು, ಬಂಡೆಗಳಿವೆ.

ಆವಿಲಾದ ಚಿತ್ರಪುಸ್ತಕವನ್ನು ಹಿಂದಿರುಗಿಸಲು ಬಂದ ದಿನ ನಾವು ನಮ್ಮ ದೇವಾಲಯದ ಬೀರುವಿನಲ್ಲಿದ್ದ ಮೊದಲ ಜ್ಞಾನಸ್ನಾನದ ಪುಸ್ತಕವನ್ನು ತೆರೆದೆವು. ಮೊದಲಿನ ಹನ್ನೊಂದು ಹಾಳೆಗಳನ್ನು ಗೆದ್ದಲು ತಿಂದಿತ್ತು. ಅದಕ್ಕೆ ಟಿಪ್ಪುವೂ ಕಾರಣನಲ್ಲ, ಇಂಗ್ಲಿಷರೂ ಅಲ್ಲ. ಕೃಷ್ಣರಾಜಪೇಟೆಯಿಂದ, ನಾಗಮಂಗಲದಿಂದ, ಹಳ್ಳಿಹಳ್ಳಿಗಳಿಂದ ಬಂದಿರುವ ಕುಟುಂಬಗಳ ಪೆಟ್ಟಿಗೆಗಳಲ್ಲಿ ಹಳೆಯ ಜ್ಞಾನಸ್ನಾನದ ಚೀಟಿ, ಮದುವೆಯ ಕಾಗದ, ಅಜ್ಜಿಯ ಜಪದ ಪುಸ್ತಕ ಇರಬಹುದು. ಬರುವ ಎರಡು ಭಾನುವಾರಗಳು ಪೂಜೆ ಮುಗಿದ ಮೇಲೆ ನಾವು ಗುರುಗಳ ನಿವಾಸದ ಜಗಲಿಯಲ್ಲಿ ಕುಳಿತಿರುತ್ತೇವೆ. ದಯವಿಟ್ಟು ತನ್ನಿರಿ. ನಕಲು ಮಾಡಿಕೊಂಡು ಅಂದೇ ನಿಮ್ಮ ಕೈಗೆ ಹಿಂದಿರುಗಿಸುತ್ತೇವೆ. ಬರೆದುಕೊಳ್ಳಲು ಆ ಹುಡುಗಿ ಒಪ್ಪಿದ್ದಾಳೆ.