ಹಲಗಲಿಯ ಲಾವಣಿ



ಪರಕೀಯ ಆಳ್ವಿಕೆಯ ವಿರುದ್ಧ ನಡೆದ ಹೋರಾಟವೆಂದೊಡನೆ ನಮಗೆ ಸಭೆ, ಸತ್ಯಾಗ್ರಹ, ಪತ್ರಿಕೆಗಳು ನೆನಪಾಗುತ್ತವೆ. ಅಕ್ಷರ ಬಲ್ಲವರೇ ವಿರಳವಾಗಿದ್ದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ, ಇವೆಲ್ಲಕ್ಕಿಂತ ಮೊದಲೇ ಜನರ ಅಸಮಾಧಾನಕ್ಕೆ ದನಿಯಾದದ್ದು ಲಾವಣಿ. ಮುಂಬಯಿ, ಪುಣೆಗಳಲ್ಲಿ ನೆಲೆಸಿರುವವರಿಗೆ ಮರಾಠಿ ಲಾವಣಿ, ಪೋವಾಡಗಳ ಪರಿಚಯವಿದ್ದೇ ಇದೆ. ಕನ್ನಡದ ಲಾವಣಿ ಅವುಗಳ ನೆರೆಯಲ್ಲೇ ಬೆಳೆದುದು. ಡಪ್ಪು, ತುಂತುಣಿ, ತಾಳ ಇಷ್ಟೇ ಅದರ ಪರಿಕರ. ಮುಂದೆ ಒಬ್ಬ ಹಾಡುಗಾರ, ಹಿಂದೆ ಸೊಲ್ಲು ಹಿಡಿಯುವ ಹಿಮ್ಮೇಳ.

1857ರಲ್ಲಿ ಸಿಪಾಯಿಗಳ ದಂಗೆಯಿಂದ ಎಚ್ಚೆತ್ತ ಸರ್ಕಾರವು ನಿಶ್ಶಸ್ತ್ರೀಕರಣ ಕಾಯಿದೆಯನ್ನು ಜಾರಿಗೆ ತಂದಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆಯ ಸಾಧನ, ಮನೆತನದ ಮರ್ಯಾದೆ. ಅವರು ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಸರ್ಕಾರದ ಪಾಲಿಗೆ ಪ್ರಕರಣ ಅಲ್ಲಿಗೆ ಮುಗಿಯಿತು.

ಲಾವಣಿಕಾರನ ಪಾಲಿಗೆ ಮುಗಿಯಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂದು ಅವನು ಹೆಸರು ಹಿಡಿದು ಹಾಡುತ್ತಾನೆ. ವೀರರ ಕಾದಾಟವನ್ನು ವರ್ಣಿಸಿದ ಮೇಲೆ, ಸೈನಿಕರು ಊರಿನಿಂದ ಹೊತ್ತೊಯ್ದ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಕೊಡಲಿ, ಕಬ್ಬಿಣಗಳಿಂದ ಹಿಡಿದು ಹಾಲು, ಮೊಸರು, ಉಪ್ಪು, ಅರಿಸಿನಗಳವರೆಗೆ ಎಲ್ಲವೂ ಅಲ್ಲಿವೆ. ಮಂಗಳಸೂತ್ರವನ್ನೂ ಬೀಸುವ ಕಲ್ಲನ್ನೂ ಬಿಟ್ಟಿಲ್ಲ! ದಂಗೆಕೋರರ ವಿರುದ್ಧದ ಕ್ರಮವೆಂದು ಆಳುವವರು ಕರೆದುದನ್ನು ಈ ಹಾಡು ಬಡವರ ಅಡುಗೆಮನೆಯ ಲೂಟಿಯೆಂದು ತೋರಿಸಿಕೊಡುತ್ತದೆ. ಇಡೀ ಲಾವಣಿಯಲ್ಲಿ ಅತ್ಯಂತ ತೀಕ್ಷ್ಣವಾದ ಆಕ್ಷೇಪಣೆ, ನನ್ನ ದೃಷ್ಟಿಯಲ್ಲಿ, ಕದನದ ವರ್ಣನೆಯಲ್ಲ, ಈ ಪಟ್ಟಿಯೇ. ಬೀಸುವ ಕಲ್ಲು ಯಾರಿಗೆ ತಾನೆ ಆಯುಧವಾದೀತು?

ಕವಿ ಯಾರೆಂಬುದು ತಿಳಿಯದು. ಕುರ್ತಕೋಟಿಯ ಕಲ್ಮೇಶನ ಅಂಕಿತವೊಂದೇ ನಮಗೆ ಉಳಿದಿರುವ ಗುರುತು. ಮುದ್ರಿತ ಪತ್ರಿಕೆಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಬಾಯಿಂದ ಬಾಯಿಗೆ ಹರಡುವ ಹಾಡನ್ನು ಯಾವ ಕಚೇರಿಯಲ್ಲಿ ಬೀಗ ಹಾಕಿ ಇಡುವುದು?

ಈ ಹಾಡನ್ನು ಬರಹಕ್ಕಿಳಿಸಿದವನು ಅದೇ ಸರ್ಕಾರದ ಅಧಿಕಾರಿಯೆಂಬುದು ಸ್ವಾರಸ್ಯದ ಸಂಗತಿ. ಶಾಸನತಜ್ಞನೆಂದು ಹೆಸರಾದ ಜೆ. ಎಫ್. ಫ್ಲೀಟ್ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ 1885ರಿಂದ ಇಂಗ್ಲಿಷ್ ಅನುವಾದಸಹಿತ ಪ್ರಕಟಿಸಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿ ಸೇರಿದೆ. ಹಲಗಲಿಯ ಲಾವಣಿಯು ಮುಂದೆ ಕರ್ನಾಟಕದ ಪ್ರೌಢಶಾಲೆಗಳ ಕನ್ನಡ ಪಠ್ಯದಲ್ಲಿಯೂ ಸ್ಥಾನ ಪಡೆಯಿತು.