ಅಳಿವೆಯ ದಡದ ಒಂದು ಪುಟ್ಟ ಪ್ಯಾರಿಷ್
(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ವೇಲ್ಸ್ ದೇಶದ ವಾಯವ್ಯ ತುದಿಯಲ್ಲಿ, ಲೀನ್ ಎಂಬ ಪರ್ಯಾಯದ್ವೀಪವು ಕಡಲಿಗೆ ಚಾಚಿದ ಕೊನೆಯಲ್ಲಿ, ಅಬರ್‌ದಾರೊನ್ ಎಂಬ ಊರಿದೆ. ವೆಲ್ಷ್ ನುಡಿಯಲ್ಲಿ 'ಅಬರ್' ಎಂದರೆ ನಮ್ಮ ಕರಾವಳಿಯವರು ಅಳಿವೆ ಎನ್ನುವುದೇ. ದಾರೊನ್ ಎಂಬುದು ಹೊಳೆಯ ಹೆಸರು. 2011ರ ಜನಗಣತಿಯಲ್ಲಿ ಸಾವಿರ ಜನರೂ ಇಲ್ಲದ ಈ ಊರನ್ನು ನಾನು ಕಣ್ಣಾರೆ ಕಂಡವನಲ್ಲ, ಓದಿ ಬಲ್ಲವನು ಮಾತ್ರ. ಆದರೂ ಇಂದು ಅದರ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ.

ಸಮುದ್ರದ ಅಲೆಗೆ ಮೈಯೊಡ್ಡಿ ನಿಂತ ಸಂತ ಹಾವಿನ್‌ನ ಇಗರ್ಜಿಯಲ್ಲಿ ಎರಡು ಶಿಲಾಶಾಸನಗಳಿವೆ. ಐದು-ಆರನೆಯ ಶತಮಾನದ ಲ್ಯಾಟಿನ್ ಬರಹ. ಸೆನಾಕಸ್ ಎಂಬ ಪಾದ್ರಿ 'ಬಹುಮಂದಿ ಸೋದರರೊಡನೆ' ಇಲ್ಲಿ ಮಲಗಿದ್ದಾನೆಂದು ಒಂದು ಹೇಳುತ್ತದೆ. ಎದುರಿನ ಎನ್ಲಿ ದ್ವೀಪದಲ್ಲಿ ಇಪ್ಪತ್ತು ಸಾವಿರ ಸಂತರ ಸಮಾಧಿಗಳಿವೆಯೆಂಬುದು ಪ್ರತೀತಿ. ಮೂರು ಬಾರಿ ಎನ್ಲಿಗೆ ಹೋದರೆ ಒಮ್ಮೆ ರೋಮಿಗೆ ಹೋದ ಫಲವಂತೆ. ಯಾತ್ರಿಕರು ದೋಣಿ ಏರುವ ಮುನ್ನ ತಂಗುತ್ತಿದ್ದುದು ಈ ಊರಿನಲ್ಲೇ. 1841ರಲ್ಲಿ ಮೇಲುಗಡೆ ಹೊಸ ಇಗರ್ಜಿಯನ್ನು ಕಟ್ಟಿದರೂ ಜನಕ್ಕೆ ಅದು ಹಿಡಿಸಲಿಲ್ಲ, ಕೆಲವು ದಶಕಗಳಲ್ಲೇ ಹಳೆಯದನ್ನು ದುರಸ್ತಿಮಾಡಿಕೊಂಡು ಮರಳಿದರು.

ಈ ಪ್ಯಾರಿಷ್ಷಿನ ಬಡಗಿಯೊಬ್ಬನ ಮಗ ರಿಚರ್ಡ್ ರಾಬರ್ಟ್ ಜೋನ್ಸ್ (1780-1843). ಜನ ಕರೆದದ್ದು 'ಡಿಕ್ ಅಬರ್‌ದಾರೊನ್' ಎಂದು. ಕಸುಬು ಕಲಿಯದೆ ಪುಸ್ತಕ ಹಿಡಿದನೆಂದು ತಂದೆಯಿಂದ ಏಟು ತಿಂದವನು. ಲ್ಯಾಟಿನ್, ಗ್ರೀಕ್, ಹೀಬ್ರೂ ಸೇರಿದಂತೆ ಹತ್ತು-ಹದಿನೈದು ಭಾಷೆ ಬಲ್ಲವನೆಂದು ಹೆಸರಾದವನು. ಹರಕು ಬಟ್ಟೆಯಲ್ಲಿ ಜೇಬು ತುಂಬ ಪುಸ್ತಕ ತುರುಕಿಕೊಂಡು ಊರೂರು ತಿರುಗಿದ. ಲಿವರ್‌ಪೂಲಿನ ವಿಲಿಯಂ ರಾಸ್ಕೋ ಆಶ್ರಯ ಕೊಟ್ಟು ಅವನ ಬಗ್ಗೆ ಬರೆದ. ಪುಸ್ತಕದೊಳಗಿನ ವಿಷಯಕ್ಕಿಂತ ಭಾಷೆಯೇ ಅವನಿಗೆ ಮುಖ್ಯವಾಗಿತ್ತಂತೆ! ನಗುವವರು ನಗಲಿ. ವೆಲ್ಷ್-ಗ್ರೀಕ್-ಹೀಬ್ರೂ ನಿಘಂಟೊಂದನ್ನು ವರ್ಷಗಟ್ಟಲೆ ಕೂತು ಬರೆದ. ಅಚ್ಚುಹಾಕಿಸುವವರು ಬದುಕಿರುವವರೆಗೂ ಸಿಗಲಿಲ್ಲ. ತನ್ನ ನುಡಿಯನ್ನು ಗ್ರೀಕ್, ಹೀಬ್ರೂಗಳ ಪಂಕ್ತಿಯಲ್ಲಿ ಕೂರಿಸಿದ ಆ ಭಿಕಾರಿಯ ಮುಂದೆ, ನಮ್ಮ ನುಡಿ ಊಟದ ಮನೆಗೆ ಸಾಕು ಎನ್ನುವ ನಮ್ಮ ಪದವೀಧರರನ್ನು ನಿಲ್ಲಿಸಿ ನೋಡುತ್ತೇನೆ.

1936ರಲ್ಲಿ ಇದೇ ಪರ್ಯಾಯದ್ವೀಪದ ಪೆನಿಬರ್ತ್‌ನಲ್ಲಿ ಬಾಂಬು ತರಬೇತಿ ಶಾಲೆಯ ಕಟ್ಟಡಗಳಿಗೆ ಬೆಂಕಿಯಿಟ್ಟು ತಾವಾಗಿ ಪೊಲೀಸರಿಗೆ ಶರಣಾದ ಮೂವರಲ್ಲಿ ಸಾಹಿತಿ ಸಾಂಡರ್ಸ್ ಲೂಯಿಸ್ ಒಬ್ಬರು. ಕೆರ್ನಾರ್ವನ್ನಿನ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೊಕದ್ದಮೆ ಲಂಡನ್ನಿಗೆ ಹೋಯಿತು, 1937ರಲ್ಲಿ ಒಂಬತ್ತು ತಿಂಗಳ ಸಜೆಯಾಯಿತು.

1967ರಿಂದ 1978ರವರೆಗೆ ಇಲ್ಲಿನ ಪಾದ್ರಿಯಾಗಿದ್ದವರು ಕವಿ ಆರ್. ಎಸ್. ಥಾಮಸ್. ಕಾರ್ಡಿಫ್‌ನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬೆಳೆದವರು; ವೆಲ್ಷ್ ಕಲಿತದ್ದು ಮೂವತ್ತರ ಸುಮಾರಿಗೆ. ಅಬರ್‌ದಾರೊನ್ನಿನ ಜನರೊಡನೆ ವೆಲ್ಷ್‌ನಲ್ಲೇ ಬಾಳಿದರು, ಆತ್ಮಕಥೆಯನ್ನೂ ವೆಲ್ಷ್‌ನಲ್ಲೇ ಬರೆದರು (1985). ಕವಿತೆ ಮಾತ್ರ ಇಂಗ್ಲಿಷಿನಲ್ಲೇ ಬಂತು. ತಡವಾಗಿ ಕಲಿತ ನುಡಿ ಕಾವ್ಯಕ್ಕೆ ಒದಗಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗ ಚಿಕ್ಕವನಿದ್ದಾಗ ಶಾಲೆಯ ಓದಿಗೆ ತೊಡಕಾದೀತೆಂದು ಮನೆಯಲ್ಲೂ ಇಂಗ್ಲಿಷನ್ನೇ ಆಡಿಸಿದವನು ನಾನು. ಮೂವತ್ತೈದು ದಾಟಿದ ಮೇಲೆ ಅವನು ಕಳೆದ ದೀಪಾವಳಿಗೆ 'ಅಪ್ಪಾ, ಅಜ್ಜನ ಕಾಗದಗಳನ್ನು ಓದಿ ಹೇಳಿ' ಎಂದು ಕೇಳಿದ. ಓದಿ ಹೇಳಿದೆ, ಅರ್ಧಕ್ಕರ್ಧ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕಾಯಿತು.

2011ರಲ್ಲೂ ಅಬರ್‌ದಾರೊನ್ನಿನಲ್ಲಿ ಸುಮಾರು ಮುಕ್ಕಾಲು ಪಾಲು ಜನ ವೆಲ್ಷ್ ಬಲ್ಲವರು. ಅಲ್ಲಿನ ಆತಂಕ ಬೇರೆ: ಹೊರಗಿನ ಶ್ರೀಮಂತರು ರಜೆಗೆಂದು ಮನೆ ಕೊಳ್ಳುತ್ತಾರೆ, ಊರ ಹುಡುಗರಿಗೆ ಬೆಲೆ ನಿಲುಕುವುದಿಲ್ಲ. ನಾವು ಇದ್ದೂರಿನಿಂದ ಹೊರಟು ಬಂದವರು. ಅವರು ಇದ್ದೂರಿನಲ್ಲೇ ಮನೆ ಕಳೆದುಕೊಳ್ಳುತ್ತಿರುವವರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.